ಗಿಡದ ಗುರುತು: ಕಲ್ಲುಸಾಸಿವೆ ಕಾಯಿ ಬಿಡುವ ತನಕ

ಹೋದ ಸಂಚಿಕೆಯ ಕೊನೆಯಲ್ಲಿ ರಾಕ್‌ಕ್ರೆಸ್ ಎಂಬ ಗಿಡದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಸಾಸಿವೆ ಕುಟುಂಬದ ಕಾಡುಗಿಡ, ಬಂಡೆ ಸಂದಿಯಲ್ಲಿ, ಒಣ ಇಳಿಜಾರಿನಲ್ಲಿ ಬೆಳೆಯುತ್ತದೆ, ಕಂಡವರು ಬರೆಯಿರಿ ಅಂತ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಜಾಸ್ತಿ ಪಾಲು ಅಮೆರಿಕದಲ್ಲಿರುವ ನಮ್ಮವರದು. ಅದು ಸಹಜವೇ, ಯಾಕೆಂದರೆ ಈ ಗುಂಪಿನ ನೂರಕ್ಕೂ ಹೆಚ್ಚು ಜಾತಿಗಳ ತವರು ಉತ್ತರ ಅಮೆರಿಕ. ನಾನೂ ಹಾಸನದ ಕಾಲೇಜಿನಲ್ಲಿ 28 ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ, ಈ ಗಿಡವನ್ನು ಮೊದಲು ಕಣ್ಣಾರೆ ಕಂಡದ್ದು ಮಗಳ ಮನೆಗೆಂದು ಕೊಲರಾಡೊಗೆ ಬಂದ ಮೇಲೆ.

ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ. ಕರ್ನಾಟಕದ ಕಾಡಲ್ಲಿ ಬೆಳೆಯದ ಗಿಡಕ್ಕೆ ಹೆಸರು ಎಲ್ಲಿಂದ ಬರಬೇಕು? ಮೊಮ್ಮಗಳ ಜೊತೆ ಬೆಟ್ಟ ಹತ್ತುವಾಗ ನಾನು ಕಲ್ಲುಸಾಸಿವೆ ಅನ್ನುತ್ತೇನೆ. ಅವಳಿಗೂ ಅದೇ ರೂಢಿಯಾಗಿದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ಜೂನ್ ಮೊದಲ ವಾರ ಬೆಟ್ಟದ ದಾರಿಯಲ್ಲಿ ತೆಗೆದ ಫೋಟೋ ಕಳಿಸಿದ್ದೇನೆ. ಮೊಣಕಾಲುದ್ದದ ಒಂಟಿ ಕಾಂಡ, ತುದಿಯಲ್ಲಿ ತಿಳಿ ನೇರಳೆ ಬಣ್ಣದ ಪುಟ್ಟ ಹೂಗಳು. ಫೋನಿನ ಆಪ್ ಮೂರು ಸಲಕ್ಕೆ ಮೂರು ಹೆಸರು ಹೇಳಿತು. ಊರಿಂದ ಬಂದಿರುವ ನಮ್ಮ ಅತ್ತೆ ನೋಡಿದವರೇ "ಇದು ಸಾಸಿವೆ ಜಾತಿ ಕಣೆ" ಅಂದರು. ಯಾರ ಮಾತು ಸರಿ?
– ಓದುಗರು, ಲಾಂಗ್‌ಮಾಂಟ್, ಕೊಲರಾಡೊ

ಅತ್ತೆಯವರ ಮಾತೇ ಸರಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಅವರು ಹೇಗೆ ಗುರುತು ಹಿಡಿದರು ಅನ್ನೋದು ಊಹಿಸಬಲ್ಲೆ. ಹೊಲದಲ್ಲಿ ಸಾಸಿವೆ, ಹಿತ್ತಿಲಲ್ಲಿ ಮೂಲಂಗಿ ಹೂ ಬಿಟ್ಟಿದ್ದನ್ನು ನೋಡಿದ ಕಣ್ಣಿಗೆ ಇದು ಹೊಸದಲ್ಲ. ನಾಲ್ಕು ಎಸಳು, ಎದುರುಬದುರಾಗಿ, ಕೂಡಿಸುವ ಗುರುತಿನ ಹಾಗೆ. ಒಳಗೆ ಆರು ಕೇಸರ, ಅದರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಎಲ್ಲದಕ್ಕೂ ಇದೇ ಲೆಕ್ಕ. ಕುಟುಂಬ ಸಿಕ್ಕಿತು. ಆದರೆ ಆ ಕುಟುಂಬದಲ್ಲಿ ಸುಮಾರು 4,000 ಜಾತಿಗಳಿವೆ. ಹೂವನ್ನೊಂದೇ ನೋಡಿಕೊಂಡು ಅದರೊಳಗೆ ಮುಂದಕ್ಕೆ ಹೋಗಲು ಆಗೋದಿಲ್ಲ. ನಿಮ್ಮ ಆಪ್ ಎಡವಿದ್ದೂ ಅಲ್ಲೇ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ಒಬ್ಬ ಓದುಗರ ಹೂವಿನ ಫೋಟೋ ನೋಡಿ ಹೆಸರು ಬರೆದುಬಿಟ್ಟೆ. ಅವರು ಜುಲೈಯಲ್ಲಿ ಮತ್ತೆ ಅದೇ ಗಿಡದ ಹತ್ತಿರ ಹೋಗಿ ಕಾಯಿಯ ಫೋಟೋ ಕಳಿಸಿದರು. ನಾನು ಹೇಳಿದ ಜಾತಿಯ ಕಾಯಿ ಮೇಲೆ ನಿಲ್ಲಬೇಕಿತ್ತು. ಅವರ ಗಿಡದ ಕಾಯಿಗಳೆಲ್ಲ ಕೆಳಗೆ ಜೋತು ಬಿದ್ದಿದ್ದವು. ಮುಂದಿನ ಸಂಚಿಕೆಯಲ್ಲಿ ತಿದ್ದಿ ಬರೆದೆ. ಆಮೇಲಿಂದ ಕಲ್ಲುಸಾಸಿವೆಯ ವಿಷಯದಲ್ಲಿ ಕಾಯಿ ನೋಡದೆ ಹೆಸರು ಹೇಳುವುದಿಲ್ಲ.

ಹಾಗಾಗಿ ನಿಮ್ಮ ಫೋಟೋಕ್ಕೂ ಈಗಲೇ ಹೆಸರು ಕೊಡುವುದಿಲ್ಲ. ಬದಲಿಗೆ ಏನು ನೋಡಬೇಕು ಅಂತ ಹೇಳುತ್ತೇನೆ. ಬುಡದಲ್ಲಿ ಎಲೆಗಳು ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡಿವೆಯಾ ನೋಡಿ. ಕಾಂಡದ ಮೇಲಿನ ಎಲೆಗಳಿಗೆ ತೊಟ್ಟು ಇರುವುದಿಲ್ಲ, ಬುಡದಲ್ಲಿ ಎರಡು ಕಿವಿಗಳಂತೆ ಚಾಚಿ ಕಾಂಡವನ್ನು ಹಿಡಿದುಕೊಂಡಿರುತ್ತವೆ. ನಿಮ್ಮ ಎರಡನೇ ಫೋಟೋದಲ್ಲಿ ಆ ಕಿವಿಗಳು ಚೆನ್ನಾಗಿ ಕಾಣುತ್ತಿವೆ. ಇನ್ನು ಕಾಯಿ. ಹೊಲದ ಸಾಸಿವೆ ಕಾಯಿ ಉಬ್ಬಿಕೊಂಡು ತುದಿಯಲ್ಲಿ ಕೊಕ್ಕು ಬಿಟ್ಟಿರುತ್ತದೆ, ಅಲ್ವಾ? ಇದರದ್ದು ಹಾಗಲ್ಲ. ಉದ್ದ, ತೆಳು, ಚಪ್ಪಟೆ. ಬಿಸಿಲಿಗೆ ಹಿಡಿದರೆ ಒಳಗಿನ ಬೀಜ ಸಾಲಾಗಿ ಮಸುಕಾಗಿ ಕಾಣುತ್ತವೆ.

ಕಾಯಿ ಯಾವ ಕಡೆ ಮುಖ ಮಾಡಿದೆ ಎಂಬುದೇ ಮುಖ್ಯ. ನಿಮ್ಮ ಸುತ್ತಮುತ್ತಲ ಬೆಟ್ಟಗಳಲ್ಲಿ ಜಾಸ್ತಿ ಸಿಗುವುದು ಎರಡು ಜಾತಿ, ಎರಡೂ ಬೋಚೆರಾ ಎಂಬ ಕುಲದವು. ಕಾಯಿಗಳೆಲ್ಲ ಕಾಂಡಕ್ಕೆ ಮೈ ತಾಗಿಸಿ ನೆಟ್ಟಗೆ ಮೇಲಕ್ಕೆ ನಿಂತಿದ್ದರೆ ಅದು ಬೋಚೆರಾ ಸ್ಟ್ರಿಕ್ಟಾ. ತೊಟ್ಟೇ ಮುರಿದ ಹಾಗೆ ಬಾಗಿ, ಕಾಯಿಗಳು ಕಾಂಡದ ಗುಂಟ ಕೆಳಗೆ ಇಳಿಬಿದ್ದಿದ್ದರೆ ಬೋಚೆರಾ ರೆಟ್ರೋಫ್ರಾಕ್ಟಾ. ಮೊದಲನೆಯದಕ್ಕೆ ಸ್ವಲ್ಪ ತಂಪಿರುವ ಬೆಟ್ಟದ ಹುಲ್ಲುಗಾವಲು ಇಷ್ಟ. ಎರಡನೆಯದು ಒಣ ಇಳಿಜಾರು, ಪುಡಿಗಲ್ಲು, ಸೇಜ್‌ಬ್ರಷ್ ಪೊದೆಗಳ ನಡುವೆ ಇರುತ್ತದೆ.

ಕಾಯಿಗಳು ಮೇಲೂ ಅಲ್ಲದೆ ಕೆಳಗೂ ಅಲ್ಲದೆ ಅಡ್ಡಡ್ಡ ಚಾಚಿದ್ದರೆ? ಆಗ ನಿಮಗೆ ಸಿಕ್ಕಿರುವುದು ಬಹುಶಃ ಈ ಎರಡರ ಮಿಶ್ರತಳಿ, ಬೋಚೆರಾ ಡೈವಾರಿಕಾರ್ಪಾ. ಸಾಮಾನ್ಯವಾಗಿ ಎರಡು ಜಾತಿ ಬೆರೆತು ಹುಟ್ಟಿದ ಗಿಡ ಬೀಜ ಕಟ್ಟಲು ಒದ್ದಾಡುತ್ತದೆ. ಈ ಕುಲದಲ್ಲಿ ಹಾಗಿಲ್ಲ. ಗಂಡಿನ ಪಾಲು ಸೇರದೆಯೇ ಬೀಜದೊಳಗಿನ ಭ್ರೂಣ ಬೆಳೆಯುತ್ತದೆ. ಮಗಳು ತಾಯಿಯ ಪಡಿಯಚ್ಚು. ಹಾಗೆ ಒಂದೇ ರೂಪ ತಲೆಮಾರುಗಳ ಕಾಲ ಹರಡಿಕೊಂಡು ಹೋಗುತ್ತದೆ. ಬೋಚೆರಾ ಜಾತಿಗಳನ್ನು ಬಿಡಿಸುವುದು ಕಷ್ಟವಾಗಿರುವುದಕ್ಕೆ ಇದು ದೊಡ್ಡ ಕಾರಣ.

ನೂರಿನ್ನೂರು ರೂಪಾಯಿಯ ಭೂತಗನ್ನಡಿ ಒಂದಿದ್ದರೆ ಇನ್ನೂ ಒಳ್ಳೆಯದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಕಣ್ಣಿಗೆ ಒತ್ತಿ ಹಿಡಿದುಕೊಂಡು, ಮಂಡಿಯೂರಿ, ಬುಡದ ಎಲೆಯ ಹತ್ತಿರಕ್ಕೆ ಮುಖ ತನ್ನಿ. ಗಿಡ ಕೀಳಬೇಡಿ, ನೀವೇ ಬಗ್ಗಿ. ಸ್ಟ್ರಿಕ್ಟಾದ ಎಲೆಯ ಮೇಲೆ ಬಿಳಿ ರೋಮಗಳು ಒಂದೊಂದೇ ಮಲಗಿರುತ್ತವೆ. ತಕ್ಕಡಿಯ ದಂಡಿಗೆಯನ್ನು ನಡುವೆ ಹಿಡಿಯುವ ಹಾಗೆ, ರೋಮ ಸರಿಯಾಗಿ ಮಧ್ಯದಲ್ಲಿ ಮಾತ್ರ ಎಲೆಗೆ ಅಂಟಿದೆ, ಎರಡು ತುದಿಗಳೂ ಎಲೆಯ ಮೈಗೆ ಒರಗಿವೆ. ರೆಟ್ರೋಫ್ರಾಕ್ಟಾದ ಎಲೆ ಬರಿಗಣ್ಣಿಗೇ ಬೂದಿ ಬಳಿದ ಹಾಗೆ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅದು ಬೂದಿಯಲ್ಲ, ಕವಲೊಡೆದ ಪುಟ್ಟ ಪುಟ್ಟ ರೋಮಗಳು ಒತ್ತೊತ್ತಾಗಿ, ರಂಗೋಲಿಯ ನಕ್ಷತ್ರಗಳನ್ನು ಒಂದರ ಮೇಲೊಂದು ಹಾಕಿದಂತೆ. ಮೊದಲ ಸಲ ಇದನ್ನು ನೋಡಿದಾಗ ನಾನು ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ಮಗಳು ಏನಾಯಿತೋ ಅಂತ ಗಾಬರಿಯಾಗಿ ಓಡಿ ಬಂದಿದ್ದಳು.

ಹೆಸರಿನ ಬಗ್ಗೆ ಒಂದು ಮಾತು. ಹಳೆಯ ಪುಸ್ತಕಗಳಲ್ಲಿ ಇವೆಲ್ಲ ಅರಾಬಿಸ್ ಎಂಬ ಕುಲದಲ್ಲೇ ಇವೆ. ಗ್ರೀನ್‌ಲ್ಯಾಂಡಿನ ಗಿಡಗಳನ್ನು ಅಭ್ಯಾಸ ಮಾಡಿದ ಡೆನ್ಮಾರ್ಕಿನ ಸಸ್ಯವಿಜ್ಞಾನಿ ಬೋಚರ್ ಅವರ ಹೆಸರಲ್ಲಿ 1970ರ ದಶಕದಲ್ಲಿ ಬೋಚೆರಾ ಎಂಬ ಕುಲ ಬೇರೆಯಾಯಿತು. ಅರಾಬಿಸ್‌ನ ವರ್ಣತಂತುಗಳ ಮೂಲ ಲೆಕ್ಕ ಎಂಟು, ಬೋಚೆರಾದ್ದು ಏಳು. ನೋಡಲು ಅಕ್ಕತಂಗಿಯರಂತಿದ್ದರೂ ಇವು ದೂರದ ನೆಂಟರು ಅಂತ ಆಮೇಲೆ ಡಿಎನ್‌ಎ ಕೂಡ ಹೇಳಿತು. ಹಾಗಾಗಿ ಒಂದೇ ಗಿಡಕ್ಕೆ ಎರಡು ಪುಸ್ತಕದಲ್ಲಿ ಎರಡು ಹೆಸರು ಕಂಡರೆ ಗೊಂದಲ ಬೇಡ.

ಜುಲೈ ಕೊನೆಗೆ ಮತ್ತೊಮ್ಮೆ ಹೋಗಿ ಕಾಯಿಯ ಫೋಟೋ ಕಳಿಸಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನೀವು ಬರೆದ ರಾಕ್‌ಕ್ರೆಸ್ ಅಂದರೆ ನಮ್ಮ ಅಳ್ವಿಯೇ? ಅಳ್ವಿಗೆ ಇಂಗ್ಲಿಷಿನಲ್ಲಿ ಗಾರ್ಡನ್ ಕ್ರೆಸ್ ಅಂತಾರಂತೆ.
– ಓದುಗರು, ಧಾರವಾಡ

ಅಲ್ಲ. ಆದರೆ ನಿಮ್ಮ ಅನುಮಾನಕ್ಕೆ ಕಾರಣ ಇದೆ. ಬಾಣಂತಿಯರಿಗೆ ಉಂಡೆ, ಪಾಯಸ ಮಾಡಿ ಕೊಡುವ ಅಳ್ವಿ ಬೀಜದ ಗಿಡವೂ ಸಾಸಿವೆ ಕುಟುಂಬದ್ದೇ, ಹೆಸರು ಲೆಪಿಡಿಯಮ್ ಸಟೈವಮ್. ಅದರ ಕಾಯಿ ಗುಂಡಗೆ, ಪುಟ್ಟ ಬಿಲ್ಲೆಯ ಹಾಗೆ, ಒಳಗೆ ಎರಡೇ ಬೀಜ. ಕಲ್ಲುಸಾಸಿವೆಯ ಕಾಯಿ ಉದ್ದನೆ ಪಟ್ಟಿಯ ಹಾಗೆ, ಒಳಗೆ ಹತ್ತಾರು ಬೀಜ. ಕ್ರೆಸ್ ಎಂಬ ಪದವನ್ನು ಇಂಗ್ಲಿಷಿನವರು ಈ ಕುಟುಂಬದ ಹಲವು ಗಿಡಗಳಿಗೆ ಹಾಕಿದ್ದಾರೆ. ಹೆಸರು ಒಂದೇ ಅಂತ ಕಾಡಿನ ಗಿಡದ ಬೀಜ ತಂದು ಉಂಡೆ ಕಟ್ಟುವುದು ಬೇಡ.

ಪ್ರಶ್ನೆ: ಕ್ರೆಸ್ಟೆಡ್ ಬ್ಯೂಟ್ ಹತ್ತಿರ ಮೇ ಕೊನೆಯಲ್ಲಿ ನೋಡಿದ್ದು. ಹಿಮ ಕರಗಿದ ಜಾಗದಲ್ಲಿ ಅರಿಶಿನ ಬಣ್ಣದ ಹೂ, ಘಮ ಇತ್ತು, ಮುಟ್ಟಿದರೆ ಬೆರಳಿಗೆ ಅಂಟು. ಜೊತೆಯಲ್ಲಿದ್ದ ಗೈಡ್ ಇದು ರಾಕ್‌ಕ್ರೆಸ್ ಅಂದರು. ನೀವು ಬಿಳಿ, ನೇರಳೆ ಹೂ ಅಂತ ಬರೆದಿದ್ದಿರಿ. ಹಳದಿ ಹೂವಿನದೂ ಇದೆಯಾ?
– ಓದುಗರು, ಅರೋರಾ, ಕೊಲರಾಡೊ

ಈ ಪತ್ರ ಓದಿ ನನಗಾದ ಸಂತೋಷ ಹೇಳತೀರದು. ನೀವು ನೋಡಿದ್ದು ಹೂವೇ ಅಲ್ಲ. ಗೈಡ್ ಹೇಳಿದ್ದೂ ತಪ್ಪಲ್ಲ, ಗಿಡ ರಾಕ್‌ಕ್ರೆಸ್ಸೇ. ಆದರೆ ಅದಕ್ಕೆ ರೋಗ ಬಂದಿದೆ.

ನಮ್ಮಲ್ಲಿ ಕಾಫಿಗೆ ಎಲೆ ತುಕ್ಕು ರೋಗ ಬರುತ್ತದೆ, ಗೋಧಿಗೂ ಬರುತ್ತದೆ. ಅದೇ ತುಕ್ಕಿನ ಜಾತಿಯ ಒಂದು ಶಿಲೀಂಧ್ರ, ಪಕ್ಸೀನಿಯಾ ಮೊನೊಯಿಕಾ, ಬೋಚೆರಾ ಗಿಡಗಳನ್ನು ಹಿಡಿಯುತ್ತದೆ. ಬೇಸಿಗೆಯ ಕೊನೆಗೆ ಎಳೆ ಗಿಡಕ್ಕೆ ಸೋಂಕು ತಗಲುತ್ತದೆ. ಚಳಿಗಾಲವಿಡೀ ಶಿಲೀಂಧ್ರ ಗಿಡದೊಳಗೇ ಇರುತ್ತದೆ. ವಸಂತದಲ್ಲಿ ಗಿಡ ಏಳುವಾಗ ಅದರ ಬೆಳವಣಿಗೆಯನ್ನೇ ಬದಲಿಸಿಬಿಡುತ್ತದೆ. ಗಿಡ ಹೂ ಬಿಡುವ ಬದಲು ಕಾಂಡದ ತುದಿಯಲ್ಲಿ ಎಲೆಗಳನ್ನು ಒತ್ತಾಗಿ ಸುತ್ತ ಜೋಡಿಸುತ್ತದೆ. ಆ ಎಲೆಗಳ ಮೇಲೆ ಶಿಲೀಂಧ್ರ ಹರಡಿ ಹೊಳೆಯುವ ಹಳದಿ ಬಣ್ಣ ಬರುತ್ತದೆ. ನಿಮ್ಮ ಬೆರಳಿಗೆ ಅಂಟಿದ್ದು ಅದು ಸುರಿಸುವ ಸಕ್ಕರೆಯ ರಸ. ಘಮವೂ ಅದರದ್ದೇ.

ಯಾಕೆ ಇಷ್ಟೆಲ್ಲ? ಶಿಲೀಂಧ್ರಕ್ಕೆ ತನ್ನ ಸಂತಾನ ಕೂಡಲು ಬೇರೆ ಗಿಡದ ಮೇಲಿನ ಶಿಲೀಂಧ್ರದ ಕಣ ಬೇಕು. ಅದನ್ನು ಸಾಗಿಸಲು ನೊಣ, ಜೇನುನೊಣ ಬೇಕು. ಅವು ಬರಬೇಕಾದರೆ ಹೂ ಬೇಕು. ಹಾಗಾಗಿ ಹೂವಿನ ವೇಷ. ಪಕ್ಕದಲ್ಲೇ ಅದೇ ಹೊತ್ತಿಗೆ ಅರಳುವ ಬಟರ್‌ಕಪ್ ಹೂಗಳಿಗೂ ಇದಕ್ಕೂ ಎಷ್ಟು ಹೋಲಿಕೆ ಅಂದರೆ ನಾಲ್ಕು ಹೆಜ್ಜೆ ದೂರದಿಂದ ನಾನೇ ಮೋಸ ಹೋಗಿದ್ದೇನೆ. ಬಾರ್ಬರಾ ರಾಯ್ ಎಂಬ ವಿಜ್ಞಾನಿ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಬರೆದರು. ಆಮೇಲೆ ಈ ಶಿಲೀಂಧ್ರ ಹುಲ್ಲಿನ ಮೇಲಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೆ ಕಲ್ಲುಸಾಸಿವೆಗೆ.

ಮುಂದಿನ ಸಲ ಕಂಡಾಗ ಎಸಳು ಎಣಿಸಿ ನೋಡಿ. ನಾಲ್ಕು ಸಿಗೋದಿಲ್ಲ, ಎಲೆಗಳು ಒಂದರ ಮೇಲೊಂದು ಸುತ್ತಿರುತ್ತವೆ. ನಡುವೆ ಕೇಸರ ಇರುವುದಿಲ್ಲ. ಎಲೆ ಮಗುಚಿ ನೋಡಿದರೆ ಸಣ್ಣ ಸಣ್ಣ ಚುಕ್ಕೆಗಳಿರುತ್ತವೆ. ಅಂಥ ಗಿಡದಲ್ಲಿ ಆ ವರ್ಷ ಸಾಮಾನ್ಯವಾಗಿ ಕಾಯಿ ಸಿಗುವುದಿಲ್ಲ. ಹಾಗಾಗಿ ಜಾತಿ ಗುರುತಿಸಲು ಪಕ್ಕದ ಆರೋಗ್ಯವಂತ ಗಿಡವನ್ನೇ ಹುಡುಕಬೇಕು.

ಪ್ರಶ್ನೆ: ಸ್ಯಾನ್ ಬ್ರೂನೋ ಬೆಟ್ಟದಲ್ಲಿ ಮಾರ್ಚ್‌ನಲ್ಲಿ ನೋಡಿದ ಗುಲಾಬಿ ಹೂ. ಗೇಣುದ್ದವೂ ಇಲ್ಲ. ಮನೆ ಹತ್ತಿರದ ನರ್ಸರಿಯಲ್ಲೂ ಇದೇ ಹೂ ಮಾರುತ್ತಾರೆ. ಅಂದಮೇಲೆ ಇದು ಕಾಡುಗಿಡ ಹೇಗೆ?
– ಓದುಗರು, ಸನ್ನಿವೇಲ್, ಕ್ಯಾಲಿಫೋರ್ನಿಯಾ

ಎರಡೂ ನಿಜ. ಇದು ಅರಾಬಿಸ್ ಬ್ಲೆಫರೋಫಿಲ್ಲಾ, ಕರಾವಳಿ ಕಲ್ಲುಸಾಸಿವೆ ಅನ್ನೋಣ. ಇಡೀ ಜಗತ್ತಿನಲ್ಲಿ ಇದರ ಸ್ವಂತ ಊರು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಸಮುದ್ರದಂಚಿನ ಬೆಟ್ಟ, ಬಂಡೆಗಳು ಮಾತ್ರ. ಚೆಂದದ ಹೂ ಅಂತ ತೋಟಗಾರರು ಬೀಜದಿಂದ ಬೆಳೆಸಿ ಮಾರುತ್ತಾರೆ. ನರ್ಸರಿಯದನ್ನು ಕೊಳ್ಳಿ, ಬೆಟ್ಟದ್ದನ್ನು ಅಲ್ಲೇ ಬಿಡಿ.

ಈ ಗಿಡದ ಗುರುತು ಎಲೆಯಂಚಿನಲ್ಲಿದೆ. ಬೆಳಕಿಗೆ ಎದುರಾಗಿ ಎಲೆ ನೋಡಿದರೆ ಅಂಚಿನುದ್ದಕ್ಕೂ ಸಾಲಾಗಿ ರೋಮಗಳು ನಿಂತಿರುತ್ತವೆ, ಎಳೆ ಮಗುವಿನ ರೆಪ್ಪೆಗೂದಲಿನ ಹಾಗೆ. ಬ್ಲೆಫರೋಫಿಲ್ಲಾ ಅಂದರೆ ಗ್ರೀಕಿನಲ್ಲಿ ರೆಪ್ಪೆಗೂದಲಿನ ಎಲೆ ಅಂತಲೇ ಅರ್ಥ. ಹೆಸರಿಟ್ಟವರು ಗಿಡವನ್ನು ಹತ್ತಿರದಿಂದ ನೋಡಿದ್ದಾರೆ.

ನಿಮ್ಮ ರಾಜ್ಯದಲ್ಲೇ ಇನ್ನೊಂದಿದೆ, ಮೆಕ್‌ಡೊನಾಲ್ಡ್ ರಾಕ್‌ಕ್ರೆಸ್. ಅದರ ಹೂವೂ ಗುಲಾಬಿ, ನೇರಳೆ. ಉತ್ತರಕ್ಕೆ ಮೆಂಡಸಿನೋ ಕೌಂಟಿಯ ರೆಡ್ ಮೌಂಟನ್ ಕಡೆ, ಆರೆಗನ್ ಗಡಿಯ ಕಡೆ ಬೆಳೆಯುತ್ತದೆ. 1978ರಲ್ಲೇ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಗಿಡಗಳ ಪಟ್ಟಿಗೆ ಸೇರಿಸಿತು. ಇವೆರಡನ್ನೂ ಬೇರೆ ಮಾಡಲು ಕಾಲ ಕೆಳಗಿನ ಕಲ್ಲು ನೋಡಿದರೆ ಅರ್ಧ ಕೆಲಸ ಮುಗಿಯಿತು. ಮೆಕ್‌ಡೊನಾಲ್ಡ್ ಬೆಳೆಯುವುದು ಸರ್ಪೆಂಟೈನ್ ಎಂಬ ಹಸಿರು ಛಾಯೆಯ, ಜಾರುವ ಮೈಯ ಕಲ್ಲಿನಿಂದಾದ ಮಣ್ಣಿನಲ್ಲಿ. ಆ ಮಣ್ಣಲ್ಲಿ ಮೆಗ್ನೀಷಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ಜೊತೆಗೆ ನಿಕ್ಕಲ್, ಕ್ರೋಮಿಯಂ. ಹೆಚ್ಚಿನ ಗಿಡಗಳಿಗೆ ಅದು ವಿಷವಿದ್ದಂತೆ. ಸಹಿಸಿಕೊಂಡವಕ್ಕೆ ಪೈಪೋಟಿ ಇಲ್ಲದ ಜಾಗ ಸಿಗುತ್ತದೆ. ಹಾಸನದವರಿಗೆ ಈ ಕಲ್ಲು ಅಪರಿಚಿತವಲ್ಲ. ನುಗ್ಗೇಹಳ್ಳಿ, ಬೈರಾಪುರದ ಕಡೆಯ ಕ್ರೋಮೈಟ್ ಗಣಿಗಳು ಇದೇ ಬಗೆಯ ಬಂಡೆಗಳಲ್ಲಿವೆ. ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಕಲ್ಲು ತೋರಿಸಿದ್ದೆ, ಅದರ ಮೇಲಿನ ಗಿಡಗಳನ್ನು ಸರಿಯಾಗಿ ತೋರಿಸಲಿಲ್ಲ. ಆ ಕೊರಗು ಈಗಲೂ ಇದೆ.

ಪ್ರಶ್ನೆ: ನಾನು ಎಂಎಸ್ಸಿ ವಿದ್ಯಾರ್ಥಿನಿ. ಪಾಠದಲ್ಲಿ ಪ್ರತಿ ಎರಡನೇ ಪುಟಕ್ಕೆ ಅರಬಿಡಾಪ್ಸಿಸ್ ಬರುತ್ತದೆ. ಅದೂ ರಾಕ್‌ಕ್ರೆಸ್ ಅಂತ ಓದಿದೆ. ಲ್ಯಾಬಿನ ಟ್ರೇಯಲ್ಲಿ ಬಿಟ್ಟರೆ ಎಲ್ಲೂ ನೋಡಿಲ್ಲ. ಅದು ಕಾಡಲ್ಲಿ ನಿಜವಾಗಿ ಎಲ್ಲಿರುತ್ತದೆ?
– ಓದುಗರು, ಮೈಸೂರು

ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮಾ. ಲ್ಯಾಬಿನಲ್ಲಿ ಬೆಳೆದದ್ದಕ್ಕೂ ಒಂದು ಊರಿದೆ ಅನ್ನೋದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಅರಬಿಡಾಪ್ಸಿಸ್ ಅಂದರೆ ಅರಾಬಿಸ್ ಥರ ಕಾಣುವುದು ಅಂತ. ಲ್ಯಾಬಿನ ಗಿಡದ ಪೂರ್ತಿ ಹೆಸರು ಅರಬಿಡಾಪ್ಸಿಸ್ ಥಾಲಿಯಾನಾ. ಥಾಲಿಯಾನಾ ಎಂಬುದು ಯೋಹಾನೆಸ್ ಥಾಲ್ ಎಂಬ ವೈದ್ಯರ ನೆನಪಿಗೆ. ಜರ್ಮನಿಯ ಹಾರ್ಜ್ ಬೆಟ್ಟಗಳಲ್ಲಿ 16ನೇ ಶತಮಾನದಲ್ಲಿ ಇದನ್ನು ಗುರುತಿಸಿ ಬರೆದವರು ಅವರು. ಯುರೋಪ್, ಏಷ್ಯಾ, ಆಫ್ರಿಕದ ಬೆಟ್ಟಗಳು ಇದರ ತವರು. ಇಷ್ಟೇ ಎತ್ತರದ ಬಡಕಲು ಗಿಡ. ಹಳೆಯ ಗೋಡೆಯ ಬಿರುಕು, ರೈಲು ಹಳಿಯ ಪಕ್ಕದ ಜಲ್ಲಿ, ಮರಳು ಹೊಲದ ಬದು, ಬಂಡೆಯ ಮೇಲಿನ ಬೆರಳು ದಪ್ಪದ ಮಣ್ಣು. ಬೇರೆ ಗಿಡಗಳು ಮೇಲೆ ಬೀಳದ ಜಾಗ ಸಿಕ್ಕರೆ ಸಾಕು. ಹೆಚ್ಚಾಗಿ ಶರತ್ಕಾಲದಲ್ಲಿ ಮೊಳೆತು, ಹಿಮದಡಿ ಎಲೆ ಹರಡಿಕೊಂಡು ಚಳಿಗಾಲ ಕಳೆದು, ವಸಂತದಲ್ಲಿ ಹೂ ಬಿಟ್ಟು, ಬಿಸಿಲು ಏರುವ ಮೊದಲೇ ಬೀಜ ಉದುರಿಸಿ ಒಣಗುತ್ತದೆ.

ನಮ್ಮ ದೇಶದಲ್ಲಿ ನೋಡಬೇಕಾದರೆ ಪಶ್ಚಿಮ ಹಿಮಾಲಯಕ್ಕೆ ಹೋಗಬೇಕು. ಹಿಮಾಚಲದ ಕಿನ್ನೌರ್ ಜಿಲ್ಲೆಯ ಚಿತ್ಕುಲ್ ಊರಿನ ಕಡೆ, ಸುಮಾರು 3,400 ಮೀಟರ್ ಎತ್ತರದಲ್ಲೂ ಅದು ತಾನಾಗಿ ಬೆಳೆಯುತ್ತದೆ. ಬುಡದ ಎಲೆಗಳ ಮೇಲೆ ಕವಲು ರೋಮ, ಅಕ್ಕಿಕಾಳಿಗಿಂತ ಸಣ್ಣ ಬಿಳಿ ಹೂ, ದಾರದಷ್ಟು ತೆಳುವಾದ ಕಾಯಿ. ಕಾಯಿ ಚಪ್ಪಟೆಯಲ್ಲ, ದುಂಡು. ಕಾಂಡದ ಎಲೆಗಳಿಗೆ ಕಿವಿ ಇರುವುದಿಲ್ಲ. ಅರಾಬಿಸ್‌ನಿಂದ ಬೇರೆ ಮಾಡಲು ಈ ಎರಡು ಗುರುತು ಸಾಕು.

ಇದನ್ನೇ ಯಾಕೆ ಲ್ಯಾಬಿಗೆ ತಂದರು ಅನ್ನೋದು ನಿನಗೆ ಗೊತ್ತಿರುತ್ತದೆ. ಐದೇ ಜೊತೆ ವರ್ಣತಂತು, ಬೀಜದಿಂದ ಬೀಜಕ್ಕೆ ಸುಮಾರು ಆರು ವಾರ. 2000ನೇ ಇಸವಿಯಲ್ಲಿ ಇಡೀ ಜೀನೋಮ್ ಓದಿ ಮುಗಿಸಿದ ಮೊದಲ ಗಿಡ. 1982ರಲ್ಲಿ ಸಾಲ್ಯುತ್–7 ಎಂಬ ಸೋವಿಯತ್ ಬಾಹ್ಯಾಕಾಶ ನಿಲ್ದಾಣದಲ್ಲೇ ಹೂ ಬಿಟ್ಟು ಬೀಜ ಕಟ್ಟಿತು. 2022ರಲ್ಲಿ ಅಪೊಲೊ ಯಾತ್ರಿಗಳು ತಂದ ಚಂದ್ರನ ಮಣ್ಣಿನಲ್ಲಿ ಮೊಳೆತದ್ದೂ ಇದೇ. ಗೋಡೆ ಬಿರುಕಿನಲ್ಲಿ ಬದುಕುವ ಗಿಡಕ್ಕೆ ಅಲ್ಲೂ ಸುಲಭವಾಗಲಿಲ್ಲ, ಬೆಳವಣಿಗೆ ನಿಧಾನವಾಯಿತು, ಎಲೆ ಕೆಂಪಾಯಿತು. ಆದರೂ ಮೊಳೆಯಿತು.

ಇದರ ಒಡಹುಟ್ಟು ಅರಬಿಡಾಪ್ಸಿಸ್ ಲೈರಾಟಾವನ್ನು ಮಿಷಿಗನ್ ಸರೋವರದ ದಂಡೆಯ ಮರಳು ದಿಬ್ಬಗಳಲ್ಲಿ ನೋಡಿದ್ದೇನೆ. ಥಾಲಿಯಾನಾ ತನ್ನ ಪರಾಗದಿಂದಲೇ ಬೀಜ ಕಟ್ಟುತ್ತದೆ, ಲೈರಾಟಾಕ್ಕೆ ಸಾಮಾನ್ಯವಾಗಿ ಬೇರೆ ಗಿಡದ ಪರಾಗ ಬೇಕು. ಹಾಗಾಗಿ ಅದರ ಹೂ ದೊಡ್ಡದು, ಕೀಟಗಳನ್ನು ಕರೆಯುವಂಥದ್ದು. ಒಲಿಂಪಿಯಾ ಮಾರ್ಬಲ್ ಎಂಬ ಬಿಳಿ ಚಿಟ್ಟೆಯ ಮರಿಹುಳುಗಳು ಈ ರಾಕ್‌ಕ್ರೆಸ್‌ಗಳನ್ನೇ ತಿಂದು ಬೆಳೆಯುತ್ತವೆ. ಒಂದೇ ಕುಲದ ಎರಡು ಗಿಡ, ಬದುಕುವ ರೀತಿ ಬೇರೆ. ನಿನ್ನ ಲ್ಯಾಬಿನ ಟ್ರೇ ಮುಂದೆ ನಿಂತಾಗ ಆ ಮರಳು ದಿಬ್ಬವನ್ನೂ ಚಿತ್ಕುಲ್‌ನ ಕಲ್ಲನ್ನೂ ನೆನಪಿಸಿಕೋ.

ಪ್ರಶ್ನೆ: ಅಮೆರಿಕದಿಂದ ಮಗ ಬರುವಾಗ ಬೀಜ ತರಿಸಿದರೆ ನಮ್ಮಲ್ಲಿ ಬೆಳೆಯಬಹುದಾ? ಇಲ್ಲೂ ಚಳಿ, ಕಲ್ಲು ಎರಡೂ ಇವೆ.
– ಓದುಗರು, ಮಡಿಕೇರಿ

ಬೇಡ ಅಂತಲೇ ಹೇಳುತ್ತೇನೆ. ಹೊರದೇಶದ ಬೀಜ ತರಲು ಸಸ್ಯ ಕ್ವಾರಂಟೈನ್ ಕಾನೂನಿನ ಪ್ರಕಾರ ಅನುಮತಿ, ಆರೋಗ್ಯ ಪ್ರಮಾಣಪತ್ರ ಬೇಕು. ಸೂಟ್‌ಕೇಸಿನಲ್ಲಿ ಸುಮ್ನೆ ಹಾಕಿಕೊಂಡು ಬರುವಂತಿಲ್ಲ. ಬಂದರೂ ಮಡಿಕೇರಿಯ ಚಳಿ ಇವಕ್ಕೆ ಸಾಲದು. ಇವುಗಳಲ್ಲಿ ಹಲವಕ್ಕೆ ವಾರಗಟ್ಟಲೆ ಕೊರೆಯುವ ಚಳಿ ತಾಗಿದ ಮೇಲೇ ಹೂ ಬಿಡಲು ಮನಸ್ಸು. ಅಷ್ಟರೊಳಗೆ ನಿಮ್ಮ ಮಳೆಗೆ ಬುಡ ಕೊಳೆತು ಹೋಗುತ್ತದೆ. ನಿಮ್ಮಲ್ಲೇ ತೊರೆಯ ಪಕ್ಕದ ನೆರಳಲ್ಲಿ ಸಾಸಿವೆ ಕುಟುಂಬದ ಕಾರ್ಡಮೈನ್ ಗಿಡಗಳನ್ನು ಹುಡುಕಿ. ಬಿಳಿ ಹೂ, ನಾಲ್ಕೆಸಳು. ಮಾಗಿದ ಕಾಯಿಯನ್ನು ಮುಟ್ಟಿ ನೋಡಿ, ಪಟ್ಟನೆ ಸಿಡಿದು ಬೀಜ ಎರಚುತ್ತದೆ.

ಪ್ರಶ್ನೆ: ಜುಲೈ ಮೂರನೇ ವಾರ ವರ್ಜೀನಿಯಾದ ಪಶ್ಚಿಮದ ಬೆಟ್ಟಗಳಲ್ಲಿ ನಡೆಯುವಾಗ, ಪುಡಿಪುಡಿಯಾದ ಕಲ್ಲಿನ ಇಳಿಜಾರಿನಲ್ಲಿ ಬಿಳಿಯ ಅತಿ ಸಣ್ಣ ಹೂಗಳ ಗಿಡ ಕಂಡೆ. ಕಾಂಡ ತುಂಬ ಕವಲೊಡೆದಿತ್ತು. ಬೇರೆ ಎಲ್ಲ ಗಿಡಗಳೂ ಬಾಡಿದ್ದವು. ಇದು ರಾಕ್‌ಕ್ರೆಸ್ಸಾ? ಒಂದು ಗಿಡ ತಂದು ಹಿತ್ತಿಲಲ್ಲಿ ನೆಡಬಹುದಾ?
– ಓದುಗರು, ಆ್ಯಶ್‌ಬರ್ನ್, ವರ್ಜೀನಿಯಾ

ನೆಡಬೇಡಿ. ಮುಟ್ಟಲೂ ಬೇಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಸುಳಿವುಗಳಿವೆ, ನೀವೇ ಗಮನಿಸಿ ಬರೆದಿದ್ದೀರಿ. ಒಂದು, ಕಲ್ಲು. ಅದು ಶೇಲ್. ಜೇಡಿಮಣ್ಣು ಗಟ್ಟಿಯಾಗಿ ಪದರು ಪದರಾದ ಕಲ್ಲು, ಹಂಚಿನ ಚೂರುಗಳ ಹಾಗೆ ಒಡೆದು ಜಾರುತ್ತದೆ. ಆ ಸೀಮೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರುಗಳಿಗೆ ಶೇಲ್ ಬ್ಯಾರನ್ ಅನ್ನುತ್ತಾರೆ. ಕೆಳಗೆ ಹೊಳೆ ಬುಡ ಕೊರೆಯುತ್ತಿರುತ್ತದೆ, ಮೇಲಿನ ಕಲ್ಲು ಜಾರುತ್ತಲೇ ಇರುತ್ತದೆ. ಬೇಸಿಗೆ ಮಧ್ಯಾಹ್ನ ಬರಿಗಾಲು ಇಡಲಾರದಷ್ಟು ಕಾಯುತ್ತದೆ. ಎರಡು, ಕಾಲ. ಅದೇ ಇಳಿಜಾರಿನಲ್ಲಿ ಬೋಚೆರಾ ಲೇವಿಗಾಟಾ ಎಂಬ ಸಾಮಾನ್ಯ ಕಲ್ಲುಸಾಸಿವೆಯೂ ಇರಬಹುದು. ಆದರೆ ಅದು ವಸಂತದಲ್ಲೇ ಹೂ ಬಿಟ್ಟು ಮುಗಿಸಿ, ಜುಲೈ ಹೊತ್ತಿಗೆ ಉದ್ದ ಕಾಯಿಗಳನ್ನು ಬಾಗಿಸಿಕೊಂಡು ನಿಂತಿರುತ್ತದೆ. ಮೂರು, ಕವಲು ಕವಲಾದ ಕಾಂಡ, ಅತಿ ಸಣ್ಣ ಬಿಳಿ ಹೂ.

ಇವು ಮೂರೂ ಸೇರಿದರೆ ನೀವು ಕಂಡದ್ದು ಬೋಚೆರಾ ಸೆರೋಟಿನಾ ಇರಬಹುದು. ಸೆರೋಟಿನಾ ಅಂದರೆ ತಡವಾಗಿ ಬರುವುದು. ಜುಲೈಯಿಂದ ಸೆಪ್ಟೆಂಬರ್ ತನಕ ಇದರ ಹೂವಿನ ಕಾಲ. ವರ್ಜೀನಿಯಾ ಮತ್ತು ಪಶ್ಚಿಮ ವರ್ಜೀನಿಯಾದ ಶೇಲ್ ಇಳಿಜಾರುಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1989ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಒಂದು ಗಿಡ ನೆಲಮಟ್ಟದಲ್ಲಿ ಎಲೆ ಹರಡಿಕೊಂಡು ಕಾದು, ಒಂದೇ ಸಲ ಕಾಂಡ ಬಿಟ್ಟು, ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಜಿಂಕೆ ಬಂದು ಆ ಕಾಂಡ ಮೇಯ್ದರೆ ಅಷ್ಟೂ ವರ್ಷದ ಕೂಡಿಟ್ಟದ್ದು ಹೋಯಿತು. ನಿಮ್ಮ ಹಿತ್ತಿಲಿನ ಒಳ್ಳೆಯ ಮಣ್ಣಲ್ಲಿ ಕಳೆಗಳ ನಡುವೆ ಅದು ಉಳಿಯುವುದಿಲ್ಲ. ಅದು ಬದುಕಿರುವುದೇ ಬೇರೆಯವರು ಬದುಕಲಾರದ ಜಾಗದಲ್ಲಿ. ಮೇಲಾಗಿ ಸರ್ಕಾರಿ ಕಾಡಿನಿಂದ ಅಂಥ ಗಿಡ ಕೀಳುವುದು ಅಪರಾಧ.

ಖಚಿತ ಮಾಡಿಕೊಳ್ಳಲು ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಹೋಗಿ. ಇಳಿಜಾರು ಹತ್ತಬೇಡಿ. ನಿಮ್ಮ ಒಂದು ಹೆಜ್ಜೆಗೆ ಮೇಲಿನಿಂದ ಎರಡಡಿ ಅಗಲದ ಕಲ್ಲು ಜಾರುತ್ತದೆ, ಅದರಲ್ಲಿ ಮುಂದಿನ ವರ್ಷ ಕಾಂಡ ಬಿಡಬೇಕಾದ ಸಣ್ಣ ಗಿಡಗಳಿರುತ್ತವೆ. ದಾರಿಯ ಮೇಲೇ ನಿಂತು, ಕ್ಯಾಮೆರಾ ಝೂಮ್ ಮಾಡಿ, ಕಾಯಿಯದು ಒಂದು, ಇಡೀ ಗಿಡದ್ದು ಒಂದು, ಸುತ್ತಲ ಕಲ್ಲಿನದು ಒಂದು ಫೋಟೋ ತೆಗೆದು ಕಳಿಸಿ. ನಿಮ್ಮ ಪತ್ರದಲ್ಲಿ ಆ ದಾರಿಯ ಹೆಸರೂ ಮೈಲಿಯ ಲೆಕ್ಕವೂ ಇತ್ತು. ಇಲ್ಲಿ ಅಚ್ಚು ಮಾಡುವಾಗ ನಾನೇ ತೆಗೆದಿದ್ದೇನೆ. ಮುಂದಿನ ಪತ್ರದಲ್ಲೂ ಅದನ್ನು ಬರೆಯಬೇಡಿ.